ಬೋರಲು ಬಿದ್ದ ರೊಟ್ಟಿ

ತಳದಲ್ಲಿ ಬೂದಿ ಅಂಟಿದೆಯೇ ಎಂದು ನೋಡಲು ತಪಾಸಣೆಯ ಅಧಿಕಾರಿ ಇಲ್ಯೋರ್ ಬಿಸಿ ರೊಟ್ಟಿಯನ್ನು ಮಗುಚಿದ. ನೋಡಿ, ಹಾಗೇ ಬೋರಲಾಗಿ ಬಿಟ್ಟು, ಮರ್ಗಿಲಾನ್ ಪಟ್ಟಣದ ಆ ಹಿತ್ತಲ ಬೇಕರಿಯ ಲೈಸೆನ್ಸಿಗೆ ಸಹಿ ಹಾಕಲು ಪೆನ್ನು ತೆಗೆದ.

"ತಡಿ ಮಗಾ," ಎಂದಳು ಬೇಕರಿಯ ಒಡತಿ ಹೊಸಿಯತ್. ಗಂಡ ಮೂಮಿನ್ ಮೆಲ್ಲಗೆ ಅವಳ ಕಾಲು ತುಳಿದ. ಇದೇ ಇಲ್ಯೋರ್ ಎರಡು ಸಲ ಅರ್ಜಿ ವಾಪಸ್ ಕಳಿಸಿದ್ದ: ಒಮ್ಮೆ ನಲ್ಲಿ ದೂರವಿದೆಯೆಂದು, ಇನ್ನೊಮ್ಮೆ ಕಿಟಕಿಗೆ ಜಾಲರಿಯಿಲ್ಲವೆಂದು.

"ಇನ್ನೇನಮ್ಮಾ? ಎಲ್ಲಾ ಸರಿಯಾಗಿದೆಯಲ್ಲ."

"ನಂದು ಸರಿಯಾಗೇ ಇದೆ. ಅನ್ನಕ್ಕೆ ಅವಮಾನ ಆಗೋ ಹಂಗೆ ರೊಟ್ಟೀನ ಬೋರಲು ಹಾಕೋದು ನಿಮ್ಮಮ್ಮ ಕಲಿಸಿದ್ಳಾ?"

ಮೂಮಿನ್ ಕಣ್ಣು ಮುಚ್ಚಿಕೊಂಡ. ಇಲ್ಯೋರನ ಕಿವಿ ಕೆಂಪಾಯಿತು. ಪೆನ್ನು ಪಕ್ಕಕ್ಕಿಟ್ಟು, ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಹಣೆಗೊತ್ತಿಕೊಂಡು, ಮುಖ ಮೇಲಾಗಿ ಇಟ್ಟ.

ಹೊಸಿಯತ್ ಬಗ್ಗಿ, ತಾನೇ ತಪಾಸಣೆಗೆ ಬಂದವಳ ಹಾಗೆ ರೊಟ್ಟಿಯನ್ನು ಒಂದು ಸುತ್ತು ನೋಡಿದಳು.

"ಹ್ಞಾಂ, ಈಗ ಹಾಕು ಸಹಿ."