ಉನ್ನತ ಶಿಕ್ಷಣದ ಎತ್ತರ

ನಮ್ಮ ದೇಶದಲ್ಲಿ ಉನ್ನತ ಶಿಕ್ಷಣದ ಸಂಶೋಧನೆಯನ್ನು ಎತ್ತರದಿಂದ ಅಳೆಯುತ್ತಾರೆ. 'ಉನ್ನತ' ಎಂದ ಮೇಲೆ ಮತ್ತೆ ಹೇಗೆ ಅಳೆಯುವುದು? ಆ ವರ್ಷದ ಪ್ರಬಂಧಗಳನ್ನೆಲ್ಲ ರಾಜಧಾನಿಯ ಮೈದಾನದಲ್ಲಿ ಒಂದರ ಮೇಲೊಂದು ಪೇರಿಸುತ್ತಾರೆ. ಪಕ್ಕದ ದೇಶದ ರಾಶಿಗಿಂತ ನಮ್ಮದು ಎತ್ತರವಾದರೆ ಮರುದಿನ ರಜೆ.

ಬೆಳಗ್ಗೆಯಿಂದ ಸಾಲಿನಲ್ಲಿ ನಿಂತು ನನ್ನ ಸೊಂಟ ಬಿದ್ದುಹೋಗಿತ್ತು. ಮುಂದಿದ್ದ ಪ್ರೊಫೆಸರು ತಮ್ಮ ಪ್ರಬಂಧವನ್ನು ತಳ್ಳುಗಾಡಿಯಲ್ಲಿ ತಂದಿದ್ದರು. ಪುಟಗಳೆಲ್ಲ ರಟ್ಟಿನವು, ಪುಟಕ್ಕೆ ಒಂದೇ ಸಾಲು.

ಅಳತೆಗಾರ ಕೆಂಪರಾಜು ನನ್ನದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ.

"ಇದೇನ್ ಮೇಡಂ, ಹಪ್ಪಳ ಇದ್ದಂಗಿದೆ! ಒಂದು ಗೇಣಾದ್ರೂ ದಪ್ಪ ಬೇಕು."

"ಹೆಣ್ಣುಮಕ್ಕಳು ಕಾಲೇಜು ಯಾಕೆ ಬಿಡ್ತಾರೆ ಅಂತ ಊರೂರು ಸುತ್ತಿ ಬರೆದಿದ್ದೀನಿ. ಲ್ಯಾಬ್ ಮುಗಿಯೋಕೆ ಮುಂಚೆನೇ ಕೊನೇ ಬಸ್ಸು ಹೊರಟುಹೋಗುತ್ತೆ. ನನ್ನ ಕ್ಲಾಸಿನ ಭುವನಾನೂ ಅದಕ್ಕೇ ಬಿಟ್ಟಿದ್ದು. ಇಷ್ಟು ಹೇಳೋಕೆ ನಾಲ್ಕು ಹಾಳೆ ಸಾಕು. ಒಂದ್ಸಲ ಓದಿ ನೋಡ್ರೀ!"

"ಓದೋದು ನಮ್ಮ ಇಲಾಖೆ ಅಲ್ಲ ಮೇಡಂ."

ಅಷ್ಟರಲ್ಲಿ ಅವನ ಹಿಂದಿದ್ದ ಪ್ರಬಂಧಗಳ ರಾಶಿ ಒಂದು ಕಡೆಗೆ ವಾಲಿತು. ಕೆಲಸದವರು ಕಿರುಚಿಕೊಂಡರು. ಕೆಂಪರಾಜು ಓಡಿಹೋಗಿ, ನನ್ನ ಪ್ರಬಂಧವನ್ನು ಗಟ್ಟಿಯಾಗಿ ಮಡಚಿ ರಾಶಿಯ ಬುಡಕ್ಕೆ ತುರುಕಿದ. ರಾಶಿ ನೆಟ್ಟಗೆ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಏನ್ರೀ ಮಾಡಿದ್ರಿ ಅದನ್ನ?" ಎಂದು ಕೂಗಾಡಿದೆ.

ಅವನು ಕೈಯ ಧೂಳು ಕೊಡವಿಕೊಳ್ಳುತ್ತ, ನನಗೇ ಉಪಕಾರ ಮಾಡಿದವನಂತೆ ಹೇಳಿದ:

"ಒತ್ತು ಕೊಟ್ಟೆ ಮೇಡಂ. ಹೆಣ್ಣುಮಕ್ಕಳ ಶಿಕ್ಷಣಕ್ಕೆ ಒತ್ತು ಕೊಡಿ ಅಂತ ಮೇಲಿಂದ ಆರ್ಡರ್ ಬಂದಿದೆಯಲ್ಲ."