ಉಪ್ಪಿಟ್ಟಿನ ಹರಕೆ

ಮಗಳು ಹೊಟ್ಟೆತುಂಬ ಉಣ್ಣುವವರೆಗೆ ತಾನೂ ಅನ್ನ ಮುಟ್ಟುವುದಿಲ್ಲವೆಂದು ತಾಯಿ ಮನೆದೇವರಿಗೆ ಹರಕೆ ಹೊತ್ತು ಎರಡು ವರ್ಷವಾಗಿತ್ತು. ಹೊಟ್ಟೆಯ ಡಾಕ್ಟರು, ಗಂಟಲಿನ ಡಾಕ್ಟರು, ಸ್ಕ್ಯಾನಿಂಗು ಎಲ್ಲ ಮುಗಿದು ಈಗ ಇಬ್ಬರೂ ಮನೋವೈದ್ಯರ ಮುಂದೆ ಕೂತಿದ್ದರು.

"ಊಟದ ಹೊತ್ತಲ್ಲಿ ಏನಾಗುತ್ತಮ್ಮ?" ವೈದ್ಯರು ಮಗಳನ್ನು ಕೇಳಿದರು.

"ಅಮ್ಮ ತನ್ನ ಉಪ್ಪಿಟ್ಟಿನ ತಟ್ಟೆ ಹಿಡ್ಕೊಂಡು ಎದುರಿಗೆ ಕೂತು ನನ್ನ ಬಾಯನ್ನೇ ನೋಡ್ತಾಳೆ. ಒಂದೊಂದು ತುತ್ತಿಗೂ ದೇವರಿಗೆ ಕೈ ಮುಗೀತಾಳೆ. ನನ್ನಿಂದ ಇವಳಿಗೂ ಅನ್ನ ತಪ್ತಲ್ಲ ಅಂತ ಇದ್ದಬದ್ದ ಹಸಿವೂ ಹೋಗುತ್ತೆ."

"ಎರಡು ವರ್ಷದಿಂದ ಬರೀ ಉಪ್ಪಿಟ್ಟು ಸಾರ್," ಎಂದಳು ತಾಯಿ. "ಒಂದಿನಾನೂ ತಪ್ಪಿಸಿಲ್ಲ."

"ಮಗಳ ಚಿಕಿತ್ಸೆ ನಿಧಾನ, ವಾರವಾರ ಕರ್ಕೊಂಡು ಬನ್ನಿ. ನಿಮ್ಮದು ಇವತ್ತೇ ಶುರು," ಎಂದು ವೈದ್ಯರು ತಾಯಿಯ ಹೆಸರಿನಲ್ಲಿ ಚೀಟಿ ಬರೆದುಕೊಟ್ಟರು. ಅನ್ನ, ಸಾರು, ದಿನಕ್ಕೆರಡು ಹೊತ್ತು.

ತಾಯಿ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಎರಡು ಸಲ ಓದಿದಳು.

"ಇದನ್ನ ಊಟಕ್ಕೆ ಮುಂಚೆ ತಗೋಬೇಕಾ ಸಾರ್, ಊಟ ಆದ್ಮೇಲಾ?"

ಮಗಳು ಕುರ್ಚಿಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಮಧ್ಯಾಹ್ನ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಮಗಳು ಅರ್ಧ ತಟ್ಟೆ ಉಂಡಳು, ತಾಯಿ ಎರಡನೇ ಸಲವೂ ಅನ್ನ ಹಾಕಿಸಿಕೊಂಡಳು. ಹರಕೆ ಮುರಿಯಿತು.