ಬೀಳುವ ವಿಮಾನದ ಸದ್ದು

"ಸಾಯುವವರು ಹೀಗೆ ಕಿರುಚುವುದಿಲ್ಲ," ಎಂದಳು ಜುಬೈದಾ, ಹೆಡ್‌ಫೋನ್ ತೆಗೆದಿಡುತ್ತ.

ಪರದೆಯ ಮೇಲೆ ವಿಮಾನ ಇನ್ನೂ ಉರಿಯುತ್ತಿತ್ತು. ರೆಕ್ಕೆ ಮುರಿದು, ಮೂಗು ರನ್‌ವೇಗೆ ಗುದ್ದಿ, ಗಾಜು ಪುಡಿಪುಡಿಯಾಗಿತ್ತು. ಅದರಲ್ಲಿ ಕೊರತೆಯಿರಲಿಲ್ಲ. ಕೊಚ್ಚಿಯ ಕಾಕ್ಕನಾಡಿನ ಈ ಪುಟ್ಟ ಕಂಪನಿ ಕಂಪ್ಯೂಟರಿನಲ್ಲೇ ವಿಮಾನ ಹಾರಿಸಲು ಕಲಿಸುವ ಸಾಫ್ಟ್‌ವೇರ್ ಮಾಡುತ್ತಿತ್ತು. ಜುಬೈದಾ ತಿರುವನಂತಪುರದ ಪೈಲಟ್ ತರಬೇತಿ ಶಾಲೆಯ ಮುಖ್ಯ ಶಿಕ್ಷಕಿ. ಬೆನ್ನ ಹಿಂದೆ ಪ್ರಯಾಣಿಕರು ಕೂಗಿಕೊಂಡರೂ ಕಲಿಯುವವರ ಕೈ ನಡುಗಬಾರದು ಎಂಬುದು ಅವಳ ಪಾಠ. ಅವಳು ಒಪ್ಪದಿದ್ದರೆ ಆರ್ಡರ್ ಇಲ್ಲ. ಆರ್ಡರ್ ಇಲ್ಲದಿದ್ದರೆ ಕಂಪನಿಯೇ ಇಲ್ಲ.

ಯಜಮಾನ ಗಣೇಶಪ್ರಸಾದ್ ನಕ್ಕ. ಜುಬೈದಾಳೂ ತನ್ನಂತೆ ಕಾಸರಗೋಡಿನವಳೇ ಆದ್ದರಿಂದ ಮಾತು ಕನ್ನಡದಲ್ಲಿತ್ತು. ಶಬ್ದದ ಕೆಲಸ ತನ್ನ ಹೆಂಡತಿಯದು ಎಂದು ಮೂಲೆಯಲ್ಲಿ ಕೂತಿದ್ದ ಅಶ್ವಿತಾಳನ್ನು ತೋರಿಸಿದ.

"ಇವಳಿಗೆ ಜೋರಾಗಿ ಸೀನಲಿಕ್ಕೂ ಬರುವುದಿಲ್ಲ ಮೇಡಂ. ಇನ್ನು ಕಿರುಚಾಟ ಎಲ್ಲಿಂದ ತರುವುದು?"

ಅಶ್ವಿತಾ ಹೆಡ್‌ಫೋನನ್ನು ಬಲಗಿವಿಗೆ ಮಾತ್ರ ಒತ್ತಿಕೊಂಡಿದ್ದಳು. ಎಡಗಿವಿ ಈಚೆಗೆ ಸರಿಯಾಗಿ ಕೇಳುತ್ತಿರಲಿಲ್ಲ. ನಾಟಕದವರನ್ನು ಕರೆಸಿ ಕೂಗಿಸಿದ್ದು ತಪ್ಪಾಯಿತು ಎಂದು ಒಪ್ಪಿಕೊಂಡಳು.

"ಈ ಸಲ ಮನೆಯಲ್ಲೇ ರೆಕಾರ್ಡ್ ಮಾಡ್ತೇನೆ," ಎಂದಳು.

ಗಣೇಶಪ್ರಸಾದ್ ಅವಳ ಹೆಗಲ ಮೇಲೆ ಕೈಯಿಟ್ಟ. "ಮಾಡು ಮಾರಾಯ್ತಿ. ಇನ್ನೊಮ್ಮೆ ಹಾಳಾದರೆ ಉಂಟು ನಿನಗೆ."

ಎಲ್ಲರೂ ನಕ್ಕರು. ಅಶ್ವಿತಾಳೂ ನಕ್ಕಳು.

ಮುಂದಿನ ದಿನಗಳಲ್ಲಿ ಅವನು ವಿಮಾನವನ್ನು ಇನ್ನಷ್ಟು ಕ್ರೂರವಾಗಿ ಬೀಳಿಸಿದ. ಸೀಟುಗಳನ್ನು ಬುಡಸಮೇತ ಕಿತ್ತ. ಬೆಂಕಿಯನ್ನು ಕಾಕ್‌ಪಿಟ್‌ಗೆ ನುಗ್ಗಿಸಿದ. ಕಡಲನ್ನು ಕಲ್ಲಿನಷ್ಟು ಗಟ್ಟಿ ಮಾಡಿದ. ನಿದ್ದೆಯಿಲ್ಲ, ಸಿಟ್ಟು ಏರುತ್ತಿತ್ತು. ಶಬ್ದ ಕೇಳಲು ಪುರುಸೊತ್ತೇ ಆಗಲಿಲ್ಲ. ತಿರುವನಂತಪುರಕ್ಕೆ ಹೊರಟಾಗ ಕಾರಿನಲ್ಲಿ, ಹೇಗೆ ಬಂದಿದೆ ಎಂದು ವಿಚಾರಿಸಿದ.

"ಜೀವ ಉಂಟು. ಅಲ್ಲಿಯೇ ಕೇಳಿ," ಎಂದಳು ಅಶ್ವಿತಾ, ಸಿಡಿಯನ್ನು ಮಡಿಲಲ್ಲಿ ಹಿಡಿದುಕೊಂಡು.

ಶಾಲೆಯ ಸಭಾಂಗಣ ತುಂಬಿತ್ತು. ಸೌಂಡ್ ಪೂರ್ತಿ ಕೊಡು ಎಂದ ಗಣೇಶಪ್ರಸಾದ್. ಅವಳು ಕೊಟ್ಟಳು.

ಪರದೆಯಲ್ಲಿ, ತಿರುವನಂತಪುರದ ಶಂಖುಮುಖದ ಕಡಲ ಮೇಲೆ ಎಂಜಿನ್ ಹೊತ್ತಿಕೊಂಡಿತು. ವಿಮಾನ ಮಗುಚಿತು. ಹಿಂದಿನಿಂದ ಹೆಣ್ಣೊಬ್ಬಳ ಸದ್ದು. ಮೊದಲು ಬರೀ ಏದುಸಿರು. ಆಮೇಲೆ ಏಟು. ಏನೋ ಒಡೆಯಿತು. ತಲೆ ಗಟ್ಟಿಯಾದುದಕ್ಕೆ ಬಡಿಯಿತು. ಗಂಟಲು ಹರಿಯುವಂಥ ಚೀತ್ಕಾರ ಸಭಾಂಗಣವನ್ನು ಸೀಳಿತು. ವಿದ್ಯಾರ್ಥಿಯೊಬ್ಬ ಕಣ್ಣು ಮುಚ್ಚಿಕೊಂಡ. ಮುಂದಿನ ಸಾಲಿನ ಅಧಿಕಾರಿ ಕುರ್ಚಿಯ ಕೈಯನ್ನು ಬಿಗಿಹಿಡಿದು, "ಉಗ್ರನ್," ಎಂದು ಮಲಯಾಳದಲ್ಲಿ ಮೆಚ್ಚಿಕೊಂಡ. ಜುಬೈದಾ ನಿಧಾನವಾಗಿ ಎದ್ದು ನಿಂತಳು.

ಗಣೇಶಪ್ರಸಾದನ ಮುಖ ಬಿಳಿಚಿತು. ಆಫ್ ಮಾಡು ಎಂದು ಕೈಸನ್ನೆ ಮಾಡಿದ. ಅಶ್ವಿತಾ ಸೌಂಡಿನ ಗುಂಡಿಯ ಮೇಲಿಂದ ಕೈ ತೆಗೆಯಲಿಲ್ಲ.

ವಿಮಾನ ನೀರಿಗೆ ಅಪ್ಪಳಿಸಿತು. ಕತ್ತಲಾದ ಪರದೆಯ ಎರಡೂ ಬದಿಯ ಸ್ಪೀಕರುಗಳಿಂದ ಗಣೇಶಪ್ರಸಾದನ ಸ್ವರ ಬಂತು: "ಕಿರುಚಬೇಡ. ಪಕ್ಕದ ಫ್ಲಾಟಿನವರಿಗೆ ಕೇಳ್ತದೆ."